ಅತ್ತೆಯ ಹೆಸರಿನ ಕಾರ್ಡು

ನಾನು ಹುಟ್ಟಾ ಅಂಜುಬುರುಕಿ. ಟಿಕೆಟ್ ಕೈಯಲ್ಲೇ ಇದ್ದರೂ, ಬಸ್ಸಿಗೆ ತಪಾಸಣೆಯವರು ಹತ್ತಿದರೆ ನನ್ನ ಎದೆ ಡವಡವ ಎನ್ನುತ್ತದೆ. ಅಂಜುವವರಿಗೆ ಸಿಟ್ಟು ಬೇಗ ಬರುತ್ತದೆ ಎಂಬುದು ಬಹಳ ಜನಕ್ಕೆ ಗೊತ್ತಿಲ್ಲ. ನನಗೆ ಬರುತ್ತಿತ್ತು. ಒಳಗೆ ಕಾಲು ನಡುಗುತ್ತಿದ್ದಷ್ಟೂ ಹೊರಗೆ ಬಾಯಿ ಜೋರಾಗುತ್ತಿತ್ತು. ಈಗ ಹೇಳಹೊರಟ ಅನಾಹುತ ಆದದ್ದೂ ಈ ಬಾಯಿಯಿಂದಲೇ, ಅದೂ ಎರಡು ಸಲ.

ಎರಡು ಸಾವಿರದ ಹತ್ತು ದಾಟಿದ ಹೊಸತು. ರಾಯಬಾಗದ ಕಡೆಯವಳಾದ ನನಗೆ ನಿಪ್ಪಾಣಿಯ ಒಂದು ತಂಬಾಕಿನ ವಖಾರಿಯಲ್ಲಿ ಕೆಲಸ ಸಿಕ್ಕಿತು. ವಖಾರಿ ಎಂದರೆ ಉದ್ದಾನುದ್ದ ಗೋದಾಮು. ಒಳಗೆ ಹೆಂಗಸರು ಸಾಲಾಗಿ ಕೂತು ತಂಬಾಕು ಜರಡಿ ಹಿಡಿಯುತ್ತಾರೆ, ಕಡ್ಡಿ ಬೇರೆ ಮಾಡುತ್ತಾರೆ. ಘಾಟಿಗೆ ಮೂಗು ಉರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಅದಕ್ಕೇ ಎಲ್ಲರೂ ಮೂಗು ಬಾಯಿ ಮುಚ್ಚುವ ಹಾಗೆ ಬಟ್ಟೆ ಬಿಗಿದು ಕೂರುತ್ತಾರೆ. ಕಾಣುವುದು ಕಣ್ಣು ಮಾತ್ರ. ನಾನು ಮೂರು ವರ್ಷ ಹಾಜರಿಯ ಮಸ್ಟರ್ ಹಿಡಿದು ಅವರ ನಡುವೆ ಓಡಾಡಿದೆ. ಒಬ್ಬೊಬ್ಬರಿಗೂ ಗೇಟಿನಲ್ಲಿ ತೋರಿಸಲು ನಂಬರಿನ ಒಂದು ಹಿತ್ತಾಳೆ ಬಿಲ್ಲೆ. ಇವಳು ನೂರಾ ಹನ್ನೆರಡು, ಇವಳು ನೂರಾ ನಲವತ್ತು ಎಂದು ಕೂತ ಜಾಗ ನೋಡಿ ಹೇಳುತ್ತಿದ್ದೆ. ಮುಖ ಮಾತ್ರ ಒಬ್ಬರದೂ ಸರಿಯಾಗಿ ನೋಡಿರಲಿಲ್ಲ. ನೋಡಬೇಕು ಅನ್ನಿಸಿರಲೂ ಇಲ್ಲ.

ಆ ಕಾಲಕ್ಕೆ ನಮ್ಮ ಮಾಲೀಕರಿಂದ ಮಾಲು ಕೊಳ್ಳುವ ದೊಡ್ಡ ಕಂಪನಿಯೊಂದು, ಕೆಲಸಗಾರರಿಗೆ ಆರೋಗ್ಯದ ಸೌಲಭ್ಯ ಇದ್ದರೆ ಮಾತ್ರ ವ್ಯಾಪಾರ ಎಂದು ಪಟ್ಟು ಹಿಡಿಯಿತು. ಪುಣೆಯ ಒಂದು ಏಜೆನ್ಸಿ ಕಾರ್ಡು ಮಾಡಿಕೊಡುವುದು ಎಂದಾಯಿತು. ಹೆಬ್ಬೆಟ್ಟು ಕೊಡಬೇಕು, ಫೋಟೋ ತೆಗೆಸಬೇಕು, ರಕ್ತದ ಗುಂಪು ಬರೆಸಬೇಕು. ಮುಂದೆ ಚಿಕ್ಕೋಡಿಯ ಒಂದು ಆಸ್ಪತ್ರೆಗೆ ಹೋಗಿ ಕಾರ್ಡು ತೋರಿಸಿ ಹೆಬ್ಬೆಟ್ಟು ಒತ್ತಿದರೆ ಚಿಕಿತ್ಸೆ, ಆಪರೇಷನ್, ಹೆರಿಗೆ ಎಲ್ಲ ಪುಕ್ಕಟೆ. ಆದರೆ ಕೆಲಸಗಾರ್ತಿಗೆ ಮಾತ್ರ, ಮನೆಯವರಿಗಲ್ಲ. ಎಲ್ಲ ಹೆಂಗಸರನ್ನೂ ಒಪ್ಪಿಸಿ ಮಷೀನಿನ ಮುಂದೆ ಕೂರಿಸುವ ಕೆಲಸ ನನ್ನದು. ತಿಂಗಳೊಳಗೆ ಆಗದಿದ್ದರೆ ಬೇರೆಯವರನ್ನು ನೋಡುತ್ತೇನೆ ಎಂದು ಮ್ಯಾನೇಜರ್ ನಗುನಗುತ್ತಲೇ ಹೇಳಿದರು. ನಗುತ್ತಾ ಹೇಳುವವರ ಬಗ್ಗೆ ನನಗೆ ಇನ್ನೂ ಹೆಚ್ಚು ಹೆದರಿಕೆ. ಮನೆಯಲ್ಲಿ ಸಂಬಳ ತರುವವಳು ನಾನೊಬ್ಬಳೇ ಇದ್ದೆ.

ಮೊದಲ ವಾರ ಒಂದು ನರಪಿಳ್ಳೆಯೂ ಬರಲಿಲ್ಲ. ಮಷೀನು ಕಚೇರಿಯ ಮೂಲೆಯಲ್ಲಿ ಟವೆಲ್ ಹೊದ್ದು ಕೂತಿತ್ತು. ಹೆಬ್ಬೆಟ್ಟು ಕೊಟ್ಟರೆ ಹೊಲ ಯಾರದೋ ಹೆಸರಿಗೆ ಹೋಗುತ್ತದೆ ಎಂದು ಒಬ್ಬಳು ಹಬ್ಬಿಸಿದಳು. ರಕ್ತ ಚುಚ್ಚಿ ತೆಗೆದು ಮಾರುತ್ತಾರೆ ಎಂದು ಇನ್ನೊಬ್ಬಳು. ಹಿಂದೊಮ್ಮೆ ಹೀಗೇ ಆರೋಗ್ಯದ ಹೆಸರು ಹೇಳಿ ಕರೆದು ಗಂಡಸರಿಗೆ ಮಕ್ಕಳಾಗದ ಹಾಗೆ ಆಪರೇಷನ್ ಮಾಡಿ ಕಳಿಸಿದ್ದರಂತೆ, ಅದನ್ನು ಒಬ್ಬ ಮುದುಕಿ ಊಟದ ಹೊತ್ತಿಗೆ ಎಲ್ಲರನ್ನೂ ಕೂರಿಸಿಕೊಂಡು ಹೇಳಿದಳು. ನಾನು ಬೇಡಿಕೊಂಡೆ, ಚಹಾ ಕುಡಿಸಿದೆ, ಎಲ್ಲರೆದುರು ನನ್ನ ಹೆಬ್ಬೆಟ್ಟು ಒತ್ತಿ ತೋರಿಸಿದೆ. ನಿಮ್ಮ ಕೈ ಮೆತ್ತಗಿವೆ, ನಿಮ್ಮದು ನಡೆಯುತ್ತದೆ ಬಿಡಿ ಎಂದು ನಕ್ಕರು. ಕಡೆಗೆ ಬೈದೆ. ಬೈದಾಗಲೂ ಯಾರೂ ಅಂಜಲಿಲ್ಲ, ಅಂಜುತ್ತಿದ್ದವಳು ನಾನೇ ಎಂದು ಅವರಿಗೆ ಗೊತ್ತಿತ್ತು ಅಂತ ಕಾಣುತ್ತದೆ.

ಹೆಂಗಸರ ತಂಡದ ಮೇಲೆ ಮೇಸ್ತ್ರಿಯಾಗಿ ಒಬ್ಬ ಹಿರಿಯ ಮುಕಾದಮ್ ಬಾಯಿ ಇದ್ದಳು. ಅವಳ ಮಾತು ಮೀರಿ ಅಲ್ಲಿ ಒಂದು ಜರಡಿಯೂ ಅಲ್ಲಾಡುತ್ತಿರಲಿಲ್ಲ. ಅವಳು ಒಂದು ದಿನ ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಂತಳು.

“ಬಾಯಾರ, ಒಂದ್ ಮಾತು ಕೇಳೂದೈತಿ. ಮಸ್ಟರ್‌ದಾಗ ಹೆಸರು ಯಾರದೈತಿ, ಅವರ ಬರಬೇಕೇನ್ರಿ?”

ಅಷ್ಟು ಹೊತ್ತಿಗೆ ಮ್ಯಾನೇಜರ್ ಎರಡು ಸಲ ಫೋನು ಮಾಡಿ ಎಷ್ಟಾಯಿತು ಎಂದು ಕೇಳಿದ್ದರು. ಇದೇನು ಹುಚ್ಚು ಪ್ರಶ್ನೆ ಎಂದು ನನಗೆ ರೇಗಿತು. ಹೆಸರು ಯಾರದೋ ಅವರೇ ಬರಬೇಕು, ಮತ್ತೇನು ಓಣಿಯವರನ್ನೆಲ್ಲ ಕರೆತರುತ್ತೀಯಾ ಎಂದು ಹರಿಹಾಯ್ದೆ. ಹೆಸರಿನವರು ಬಂದರೆ ಸಾಕು ತಾನೆ, ಆಮೇಲೆ ಮಾತು ಬದಲಿಸಬಾರದು ಎಂದಳು. ಬದಲಿಸುವುದಿಲ್ಲ ಎಂದೆ. ಅದು ಮೊದಲನೇ ಸಲ.

ಮರುವಾರ ಸಂತೆಯ ರಜೆಯ ದಿನ ಬೆಳಿಗ್ಗೆ ವಖಾರಿಯ ಮುಂದೆ ಸಾಲು ನಿಂತಿತ್ತು. ನನಗೆ ಅಳುವಷ್ಟು ಸಂತೋಷ. ನರೆತ ತಲೆ, ಇಳಕಲ್ ಸೀರೆ, ಕೆಲವರ ಕೈಯಲ್ಲಿ ಕೋಲು. ಕೆಲವರು ಬೆಳಿಗ್ಗೆಯ ಬಸ್ಸು ಹಿಡಿದು ಹಳ್ಳಿಗಳಿಂದ ಬಂದಿದ್ದರು. ಮುಖದ ಬಟ್ಟೆ ತೆಗೆದರೆ ನಮ್ಮ ಹೆಂಗಸರು ಇಷ್ಟು ವಯಸ್ಸಾದವರಾಗಿ ಕಾಣುತ್ತಾರಲ್ಲ, ಪಾಪ, ತಂಬಾಕು ತಿಂದುಹಾಕಿದೆ ಎಂದುಕೊಂಡೆನೇ ಹೊರತು ನನ್ನ ತಲೆಗೆ ಬೇರೇನೂ ಹೊಳೆಯಲಿಲ್ಲ. ಹೆಸರು ಕೂಗಿದೆ, ಹೆಸರಿನವರು ಬಂದು ಕೂತರು. ವಯಸ್ಸು ತಾಳೆಯಾಯಿತು, ಹೆಸರು ತಾಳೆಯಾಯಿತು. ಬೆರಳು ಚುಚ್ಚಿಸಿಕೊಳ್ಳುವಾಗ ಒಬ್ಬಾಕೆ ದೇವರ ಹೆಸರು ಹೇಳಿ ಕಣ್ಣು ಮುಚ್ಚಿದ್ದಳು, ಅವಳ ಕೈ ನಾನೇ ಹಿಡಿದುಕೊಂಡಿದ್ದೆ. ಸಂಜೆ ಮ್ಯಾನೇಜರ್ ಪೇಢೆ ತರಿಸಿದರು. ಇನ್ನು ಯಾವ ವಖಾರಿಯಲ್ಲೂ ಇಷ್ಟು ಚೊಕ್ಕ ಕೆಲಸ ಆಗಿಲ್ಲ ಎಂದು ಪುಣೆಯವರು ಹೊಗಳಿದರಂತೆ. ನಾನು ಎರಡು ಪೇಢೆ ತಿಂದೆ.

ಆಮೇಲೆ ಸುಮಾರು ಎರಡು ತಿಂಗಳಾಗಿರಬೇಕು. ನೂರಾ ಹನ್ನೆರಡನೇ ನಂಬರಿನವಳು ಜರಡಿಯ ಮುಂದೆಯೇ ಕುಸಿದು ಬಿದ್ದಳು. ಗಾಳಿ ಆಡಲಿ ಎಂದು ಯಾರೋ ಅವಳ ಮುಖದ ಬಟ್ಟೆ ಬಿಚ್ಚಿದರು. ನಾನು ನೀರಿನ ತಂಬಿಗೆ ಹಿಡಿದು ಹಾಗೇ ನಿಂತುಬಿಟ್ಟೆ. ಮಸ್ಟರ್ ಪ್ರಕಾರ ನೂರಾ ಹನ್ನೆರಡಕ್ಕೆ ಐವತ್ತೆರಡು ವರ್ಷ. ಕೆಳಗೆ ಮಲಗಿದ್ದವಳಿಗೆ ಇಪ್ಪತ್ತೆರಡು ಆಗಿದ್ದರೆ ಹೆಚ್ಚು. ಸೆರಗು ಸರಿದಿತ್ತು. ಹೊಟ್ಟೆ ಕಂಡಿತು. ಆರು ತಿಂಗಳು.

ಎಚ್ಚರಾದ ಮೇಲೆ ಅವಳನ್ನು ಕಚೇರಿಗೆ ಕರೆತಂದು ಬಾಗಿಲು ಹಾಕಿಕೊಂಡೆ. ಮುಕಾದಮ್ ಬಾಯಿಯೂ ಬಂದು ಕೂತಳು. ಯಾರು ನೀನು ಎಂದು ಕೇಳಿದೆ. ಮೂರು ವರ್ಷದಿಂದ ದಿನಾ ಹಾಜರಿ ಹಾಕಿದವಳನ್ನು ಯಾರು ನೀನು ಎಂದು ಕೇಳುವ ಹಣೆಬರಹ ನನ್ನದು. ಅವಳು ತಲೆ ತಗ್ಗಿಸಿ, ಆ ಹೆಸರು ತನ್ನ ಅತ್ತೆಯದು ಎಂದಳು. ಮನೆಯಲ್ಲಿ ಬಾಯಿ ಬಿಟ್ಟು ಆಡಬಾರದ ಅತ್ತೆಯ ಹೆಸರಿಗೆ ಇಲ್ಲಿ ಅವಳು ದಿನಾ ಬೆಳಿಗ್ಗೆ “ಜೀ” ಅನ್ನುತ್ತಿದ್ದಳು.

ಉಳಿದದ್ದನ್ನು ಮುಕಾದಮ್ ಬಾಯಿ ಹೇಳಿದಳು. ಗೇಟಿನಲ್ಲಿ ತೋರಿಸುವ ಹಿತ್ತಾಳೆಯ ಬಿಲ್ಲೆ ಇತ್ತಲ್ಲ, ಅದು ಆಳಿನದಲ್ಲ, ಮನೆಯದು. ಅತ್ತೆಗೆ ಮೊಣಕಾಲು ಹೋದ ಮೇಲೆ ಸೊಸೆಗೆ ಬರುತ್ತದೆ. ಹಳೆಯ ಮಾಲೀಕರ ಕಾಲದಿಂದ ಹೀಗೇ. ಕೆಲಸ ನಿಲ್ಲಬಾರದು, ಅಷ್ಟೇ. ಹೆಸರು ತಿದ್ದುವ ಗೋಜಿಗೆ ಮಾಲೀಕರೂ ಹೋಗಲಿಲ್ಲ, ಹೆಂಗಸರೂ ಕೇಳಲಿಲ್ಲ.

“ಸೊಸಿ ಬಂದ ವರ್ಷ ಒಲಿ ಕೊಡ್ತೇವ್ರಿ, ಮರುವರ್ಷ ಬಿಲ್ಲಿ ಕೊಡ್ತೇವಿ. ನೀವ ಹೇಳಿದ್ರಿ, ಹೆಸರಿನವರ ಬರ್ಲಿ ಅಂತ. ಬಂದ್ರು. ನಾವೇನ್ ಸುಳ್ಳ ಮಾಡಿಲ್ಲ.”

ಹೌದು, ಅವರು ಸುಳ್ಳು ಮಾಡಿರಲಿಲ್ಲ. ಹೆಸರು ಕೇಳಿದ ಮಷೀನಿಗೆ ಹೆಸರಿನ ಒಡತಿಯನ್ನೇ ಕರೆತಂದು ಕೂರಿಸಿದ್ದರು. ಇಂಥವರು ಎಷ್ಟು ಜನ ಎಂದು ಕೇಳಿದೆ. ಲೆಕ್ಕ ಯಾಕೆ ಬಾಯಾರ, ಅರ್ಧ ವಖಾರಿ ಅಂದುಕೊಳ್ಳಿ ಎಂದಳು.

ಅಂದಿನಿಂದ ನನಗೆ ನೆಮ್ಮದಿ ಹೋಯಿತು. ಮ್ಯಾನೇಜರಿಗೆ ಹೇಳಿದರೆ ಅರ್ಧ ವಖಾರಿಯ ಹೆಂಗಸರು ಬೀದಿಗೆ, ಜೊತೆಗೆ ನಾನೂ. ಹೇಳದಿದ್ದರೆ ಈ ಹುಡುಗಿಯ ಗತಿ ಏನು? ಅವಳ ಕೈಯಲ್ಲಿ ಕಾರ್ಡಿಲ್ಲ, ಇದ್ದ ಕಾರ್ಡಿನ ಮೇಲೆ ಅತ್ತೆಯ ಮುಖ. ಸರಕಾರಿ ದವಾಖಾನೆಗೆ ಹೋಗು ಎಂದೆ. ಹೋಗಿದ್ದೇನೆ, ಗುಳಿಗೆ ಕೊಟ್ಟಿದ್ದಾರೆ ಎಂದಳು. ರಜೆ ಹಾಕು ಎಂದೆ. ಬಿಲ್ಲೆ ಹದಿನೈದು ದಿನ ಬರದಿದ್ದರೆ ಬೇರೆಯವರಿಗೆ ಹೋಗುತ್ತದೆ ಎಂದಳು. ದಿನಾ ಬೆಳಿಗ್ಗೆ ನಾನು ಮೊದಲು ನೋಡುತ್ತಿದ್ದುದು ಅವಳ ಪಾದ. ಏಳನೇ ತಿಂಗಳಿಗೆ ಕಾಲುಂಗುರ ಒಳಗೆ ಹೂತುಹೋಗುವ ಹಾಗೆ ಬಾವು ಬಂತು. ಎಂಟನೇ ತಿಂಗಳಿಗೆ ಮುಖವೂ ಊದಿರಬೇಕು, ಕಣ್ಣು ಸಣ್ಣಗಾಗಿದ್ದವು. ತಲೆ ಬಹಳ ನೋಯುತ್ತದೆ ಬಾಯಾರ ಎಂದಳು ಒಮ್ಮೆ. ಘಾಟಿಗೆ ಎಂದು ನಾನೇ ಅವಳಿಗೆ ಹೇಳಿದೆ. ನನಗೂ ಹಾಗೆ ಹೇಳಿಕೊಂಡೆ. ಒಂದು ದಿನ ಧೈರ್ಯ ಮಾಡಿ ಮ್ಯಾನೇಜರ ಬಾಗಿಲವರೆಗೆ ಹೋದೆ. ಒಳಗಿಂದ ಏನು ಎಂದು ಕೇಳಿದರು. ಪೆನ್ನಿನ ರೀಫಿಲ್ ಬೇಕಿತ್ತು ಎಂದು ವಾಪಸು ಬಂದೆ.

ಆ ದಿನ ಊಟ ಮುಗಿದು ಎಲ್ಲರೂ ಮತ್ತೆ ಕೂತಿದ್ದರು. ಒಳಗಿಂದ ಕೂಗು ಕೇಳಿತು. ನಾನು ಓಡಿಹೋಗುವಷ್ಟರಲ್ಲಿ ಅವಳು ಸೆಟೆದುಕೊಂಡು ನೆಲದ ಮೇಲೆ ಬಿದ್ದಿದ್ದಳು. ಹಲ್ಲು ಕಚ್ಚಿತ್ತು, ಕಣ್ಣು ಮೇಲೆ ಹೋಗಿದ್ದವು, ಮೈ ಎಲ್ಲ ತಂಬಾಕಿನ ಪುಡಿ. ಮಾಲು ಸಾಗಿಸುವ ಟೆಂಪೋದಲ್ಲೇ ಮಲಗಿಸಿ ಚಿಕ್ಕೋಡಿಗೆ ಹೊರಟೆವು. ನನ್ನ ತೊಡೆಯ ಮೇಲೆ ಅವಳ ತಲೆ. ಹಾದಿಯಲ್ಲಿ ಮತ್ತೊಮ್ಮೆ ಸೆಟೆದಳು. ಎರಡು ಜೀವ ನನ್ನ ಮಡಿಲಲ್ಲೇ ಹೋಗುತ್ತವೆ ಎಂದು ನಾನು ಗಟ್ಟಿಯಾಗಿ ಅಳುತ್ತಿದ್ದೆ. ಮುಕಾದಮ್ ಬಾಯಿ, ಅಳಬ್ಯಾಡ್ರಿ, ಆಕಿಗೆ ಕೇಳತೈತಿ ಎಂದು ನನ್ನ ಬಾಯಿ ಮೇಲೆ ಕೈ ಇಟ್ಟಳು.

ಆಸ್ಪತ್ರೆಯಲ್ಲಿ ಅವಳನ್ನು ನೇರ ಒಳಗೆ ಒಯ್ದರು. ಸ್ವಲ್ಪ ಹೊತ್ತಿಗೆ ಸುದ್ದಿ ತಿಳಿದು ಅವಳ ಅತ್ತೆ ಬಂದಳು. ಏಕಸಂಬಿಯ ಕಡೆಯ ಹಳ್ಳಿಯಿಂದ ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಬಂದಿದ್ದಳು. ಕಾರ್ಡು ಕುಬಸದೊಳಗಿತ್ತು. ನನ್ನ ಕಡೆ ನೋಡದೆ ಸೀದಾ ಕೌಂಟರಿಗೆ ಹೋದಳು. ಕೌಂಟರಿನ ಹೆಣ್ಣುಮಗಳು ಫೋಟೋ ನೋಡಿದಳು, ಇವಳ ಮುಖ ನೋಡಿದಳು. ಪೇಷಂಟ್ ನೀವೇನಾ ಎಂದು ಕೇಳಿದಳು. ಅತ್ತೆ ಹೂಂ ಅಂದು ಹೆಬ್ಬೆಟ್ಟು ಒತ್ತಿದಳು. ಹಸಿರು ದೀಪ ಹತ್ತಿತು. ಕೌಂಟರಿನವಳು ಮತ್ತೇನೂ ಕೇಳದೆ ವಖಾರಿಯ ಪೇಷಂಟ್ ಎಂದು ಬರೆದಳು, ಆ ಹಾಳೆ ಒಳಗೆ ಹೋಯಿತು. ಹೀಗೆ ಒಳಗೆ ಹೆರಿಗೆ ಮೇಜಿನ ಮೇಲಿದ್ದವಳ ಹೆಸರು, ವಯಸ್ಸು, ರಕ್ತದ ಗುಂಪು ಎಲ್ಲ ಅತ್ತೆಯದಾಯಿತು.

ಅಷ್ಟರಲ್ಲಿ ಮ್ಯಾನೇಜರ್ ಕಾರಿನಲ್ಲಿ ಬಂದಿಳಿದರು. ನಮ್ಮ ವಖಾರಿಯ ಕಾರ್ಡು ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಪುಣೆಯವರಿಗೆ ಕಳಿಸಬೇಕೆಂದು ಮೊಬೈಲಿನಲ್ಲಿ ಆಸ್ಪತ್ರೆಯ ಬೋರ್ಡಿನ ಫೋಟೋ ಹೊಡೆದರು. ನನ್ನ ಪಕ್ಕದಲ್ಲೇ ಬಂದು ನಿಂತು, ಎಲ್ಲ ನಿಮ್ಮ ಶ್ರಮ ಎಂದರು.

ಬಾಗಿಲು ತೆರೆದು ನರ್ಸ್ ಹೊರಗೆ ಬಂದಳು. ಆಪರೇಷನ್ ಮಾಡುತ್ತಿದ್ದಾರೆ, ರಕ್ತ ಬೇಕಾಗುತ್ತದೆ, ಏರ್ಪಾಡು ಮಾಡಿಕೊಳ್ಳಿ ಎಂದು ಹಾಳೆ ನೋಡಿ ಗುಂಪು ಓದಿದಳು. ಅದು ಅತ್ತೆಯ ರಕ್ತ. ಅವತ್ತು ಕಣ್ಣು ಮುಚ್ಚಿ ಬೆರಳು ಚುಚ್ಚಿಸಿಕೊಂಡಿದ್ದಳಲ್ಲ, ಆ ರಕ್ತ. ಬೇರೆ ಗುಂಪಿನ ರಕ್ತ ಕೊಟ್ಟರೆ ಮನುಷ್ಯ ಉಳಿಯುವುದಿಲ್ಲ ಎಂದು ಶಾಲೆಯಲ್ಲಿ ಓದಿದ್ದು ನೆನಪಾಯಿತು. ನನ್ನ ಪಕ್ಕದಲ್ಲಿ ಮ್ಯಾನೇಜರ್. ಬಾಯಿ ಬಿಟ್ಟರೆ ಬಣ್ಣಗೇಡು. ಬಿಡದಿದ್ದರೆ ಹುಡುಗಿ ಸಾಯುತ್ತಾಳೆ, ಕೊಂದವಳು ನಾನು. ಅತ್ತೆ ನನ್ನ ಮುಖ ನೋಡಿ ಏನು ತಿಳಿದುಕೊಂಡಳೋ, ಬಂದು ನನ್ನ ಮುಂಗೈ ಹಿಡಿದಳು.

“ಬ್ಯಾಡ್ರಿ ಬಾಯಾರ. ನಿಮ್ಮ ಕಾಲ ಬೀಳ್ತೇನಿ, ಏನೂ ಅನಬ್ಯಾಡ್ರಿ.”

ನಾನು ಅವಳ ಕೈ ಕಿತ್ತುಕೊಂಡು ನರ್ಸಿನ ಹಿಂದೆ ಬಾಗಿಲವರೆಗೆ ಓಡಿದೆ. ಕಿರುಚಿದೆ ಎಂದೇ ಹೇಳಬೇಕು. ಆ ಗುಂಪು ಅವಳದಲ್ಲ, ಆ ಹೆಸರು ಅವಳದಲ್ಲ, ವಯಸ್ಸು ಅವಳದಲ್ಲ, ಕಾರ್ಡು ಹೊರಗೆ ನಿಂತ ಈ ಅತ್ತೆಯದು, ಒಳಗಿರುವವಳು ಸೊಸೆ, ವಖಾರಿಯಲ್ಲಿ ಅರ್ಧ ಜನ ಹೀಗೇ ಇದ್ದಾರೆ, ದಯವಿಟ್ಟು ಆ ರಕ್ತ ಕೊಡಬೇಡಿ ಎಂದೆ. ಕೇಳದ ಮಾತನ್ನೂ ಹೇಳಿಬಿಟ್ಟೆ. ಅದು ಎರಡನೇ ಸಲ.

ಗದ್ದಲ ಕೇಳಿ ಒಳಗಿಂದ ಒಬ್ಬ ಡಾಕ್ಟರಮ್ಮ ಬಂದರು. ಬೆವರಿದ ಮುಖ, ಕೈಯಲ್ಲಿ ಗ್ಲೌಸು. ನನ್ನ ಮಾತು ಪೂರ್ತಿ ಕೇಳಿದರು.

“ಕಾರ್ಡ್ ನೋಡಿ ಯಾರ್ರೀ ರಕ್ತ ಕೊಡ್ತಾರ? ಆಕೀ ರಕ್ತ ನಾವ ಆಗ್ಲೇ ಟೆಸ್ಟಿಗೆ ಕಳಿಸೇವಿ. ಇಪ್ಪತ್ತರ ಹುಡಿಗಿ ಅನ್ನೂದು ನಮಗ ಕಾಣಸೂದಿಲ್ಲೇನು?”

ಇಷ್ಟು ಹೇಳಿ ಒಳಗೆ ಹೋದರು. ಬಾಗಿಲು ಮುಚ್ಚಿತು. ಅಂದರೆ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಕಂಡೂ ಕಾಣದಂತೆ ಕೆಲಸ ಮಾಡುತ್ತಿದ್ದರು. ನಾನು ಸುಮ್ಮನಿದ್ದಿದ್ದರೂ ಅವಳಿಗೆ ಸರಿಯಾದ ರಕ್ತವೇ ಸಿಗುತ್ತಿತ್ತು. ತಿರುಗಿ ನೋಡಿದೆ. ಮ್ಯಾನೇಜರ್ ಮೊಬೈಲನ್ನು ಜೇಬಿಗೆ ಹಾಕಿಕೊಂಡು ಕಾರಿನ ಕಡೆ ನಡೆದಿದ್ದರು. ಅವರು ನಗುತ್ತಿರಲಿಲ್ಲ.

ಹುಡುಗಿ ಉಳಿದಳು. ಹೆಣ್ಣು ಕೂಸು, ಮುಷ್ಟಿಯಷ್ಟಿತ್ತು, ಅದೂ ಉಳಿಯಿತು. ಕಾರ್ಡು ಅಲ್ಲೇ ರದ್ದಾಯಿತು. ಅವರ ಮನೆಯವರು ಎಮ್ಮೆ ಮಾರಿ ಆಸ್ಪತ್ರೆಯಿಂದ ಬಿಡಿಸಿಕೊಂಡು ಹೋದರು ಎಂದು ಆಮೇಲೆ ಕೇಳಿದೆ. ಮರುವಾರ ವಖಾರಿಯಲ್ಲಿ ಒಬ್ಬೊಬ್ಬರನ್ನೇ ಕರೆದು ಮುಖದ ಬಟ್ಟೆ ತೆಗೆಸಿ ಕಾರ್ಡಿನ ಫೋಟೋಕ್ಕೆ ಹೋಲಿಸಿದರು. ಪಟ್ಟಿ ಹಿಡಿದು ಹೆಸರು ಕೂಗಿದವಳು ನಾನೇ. ಮೂರು ವರ್ಷ ಬರೀ ಕಣ್ಣು ಕಂಡಿದ್ದ ಮುಖಗಳನ್ನೆಲ್ಲ ಅವತ್ತು ಒಂದೇ ದಿನ ನೋಡಿದೆ. ಹೊಂದದವರನ್ನು ಗೇಟಿನ ಹೊರಗೆ ನಿಲ್ಲಿಸಿದರು. ಯಾರೂ ಜಗಳ ಮಾಡಲಿಲ್ಲ. ಮುಕಾದಮ್ ಬಾಯಿಯದೂ ಅವಳ ಅತ್ತೆಯ ಹೆಸರೇ ಆಗಿತ್ತು. ಆ ಅತ್ತೆ ತೀರಿಕೊಂಡು ಎಷ್ಟೋ ವರ್ಷವಾಗಿತ್ತಂತೆ. ಕಾರ್ಡಿಗೆ ಯಾರನ್ನು ಕೂರಿಸಿದ್ದಳೋ, ನಾನು ಕೇಳಲಿಲ್ಲ. ನನ್ನನ್ನು ಮಾತ್ರ ಕೆಲಸದಿಂದ ತೆಗೆಯಲಿಲ್ಲ. ಪ್ರಾಮಾಣಿಕ ಹೆಣ್ಣುಮಗಳು, ಮುಚ್ಚಿಡಲಿಲ್ಲ ಎಂದು ಮಾಲೀಕರು ಅಂದರಂತೆ. ಎರಡು ತಿಂಗಳು ಮುಚ್ಚಿಟ್ಟಿದ್ದೆ ಎಂದು ಅವರಿಗೆ ಹೇಳುವ ಧೈರ್ಯ ನನಗೆ ಬರಲಿಲ್ಲ.

ಕೆಲವು ತಿಂಗಳಾದ ಮೇಲೆ ಒಂದು ಸಂಜೆ ನಿಪ್ಪಾಣಿಯ ಬಸ್ ನಿಲ್ದಾಣದಲ್ಲಿ ಆ ಅತ್ತೆ ಸಿಕ್ಕಳು. ಸೆರಗಿನೊಳಗೆ ಕೂಸಿತ್ತು. ತಪ್ಪಿಸಿಕೊಂಡು ಹೋಗೋಣವೆಂದು ತಿರುಗಿದೆ, ಅಷ್ಟರಲ್ಲಿ ಕರೆದೇಬಿಟ್ಟಳು. ಬೈಯುತ್ತಾಳೆ, ಬೈಯಲಿ, ನಾಲ್ಕು ಜನರ ಮುಂದೆ ಉಗಿಯಲಿ, ಅದಾದರೂ ಆಗಲಿ ಎಂದುಕೊಂಡು ಹತ್ತಿರ ಹೋದೆ. ಅವಳು ಕೂಸಿನ ಮುಖ ತೋರಿಸಿದಳು. ಸೊಸೆ ಈಗ ಕಬ್ಬು ಕಡಿಯಲು ಹೋಗುತ್ತಾಳೆ, ಸಿಜೇರಿಯನ್ ಆದ ಹೊಟ್ಟೆ, ಬಗ್ಗಿದರೆ ನೋಯುತ್ತದಂತೆ ಎಂದಳು. ಆಮೇಲೆ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಮೆಲ್ಲಗೆ ಕೇಳಿದಳು.

“ಖರೇ ಹೇಳ್ರಿ ಬಾಯಾರ. ಅವತ್ತ ಆಕೀ ಜೀವದ ಸಲುವಾಗಿ ಒದರಿದ್ರೋ, ನಿಮಗ ಅಂಜಿಕಿ ಬಂತಂತ ಒದರಿದ್ರೋ?”

ಜೀವದ ಸಲುವಾಗಿ ಎಂದು ಹೇಳಲು ಬಾಯಿ ತೆರೆದೆ. ಕೂಸು ನನ್ನನ್ನೇ ನೋಡುತ್ತಿತ್ತು. ಅಂಜಿಕೆ ಬಂತು ಎಂದೆ.

ಅವಳು ಹೂಂ ಎಂದು ತಲೆಯಾಡಿಸಿದಳು. ಬಸ್ಸು ಬಂತು. ಕೂಸನ್ನು ಹೆಗಲಿಗೆ ಹಾಕಿಕೊಂಡು ಎದ್ದಳು.

“ನನಗೂ ಬಂದಿತ್ರಿ. ನಾ ಬಾಯಿ ಮುಚ್ಚಿಕೊಂಡ ನಿಂತಿದ್ದೆ.”